ಸೈತಾನನ ಹುದ್ದೆಯಲ್ಲಿ ಆರು ವರ್ಷ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಶಿಕಾಗೋ ಪಕ್ಕದ ಇಟಾಸ್ಕಾದ ಒಂದು ಹೋಟೆಲ್ಲಿನ ಸಭಾಂಗಣದಲ್ಲಿ, ಬಿಸಿಬೇಳೆಬಾತ್ ಉಂಡು ಅರೆಗಣ್ಣಾಗಿದ್ದ ಇನ್ನೂರು ಕನ್ನಡಿಗರ ಎದುರು, ಫ್ರೆಂಚ್ ಕಾವ್ಯದ ಸೈತಾನನ ಬಾಯಿಗೆ ನಾನು ತೊಡಿಸಿದ ಧ್ವನಿ ನನ್ನ ಕಲ್ಪನೆಯದಲ್ಲ. ಅದು ನನ್ನ ಮೇಲಧಿಕಾರಿಯ ಧ್ವನಿ. ಹೇಳದೆ ಕದ್ದದ್ದು, ಅವರೇ ಕೇಳಿದಾಗ ಸುಳ್ಳು ಹೇಳಿ ದಕ್ಕಿಸಿಕೊಂಡದ್ದು. ಆಮೇಲೆ ಮೂವರು ಗಣ್ಯರು "ಅದು ನನ್ನ ಧ್ವನಿ, ನನಗೆ ಅವಮಾನ" ಎಂದು ದೂರು ಕೊಟ್ಟಾಗ, ನಿಜ ಗೊತ್ತಿರುವವನು ನಾನೊಬ್ಬನೇ ಎಂದುಕೊಂಡು ಕೋಡುಬಳೆ ಮುರಿಯುತ್ತ ಸುಮ್ಮನೆ ಕೂತಿದ್ದೆ. ನನ್ನ ಆ ಮೌನದಿಂದ ಒಬ್ಬ ಹೆಂಗಸಿನ ಮೂವತ್ತು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು.

ಈಗ ನಾನು ನಿವೃತ್ತ. ವಯಸ್ಸು ಮೂವತ್ತೊಂದು. ನಗಬೇಡಿ, ವೈದ್ಯಕೀಯ ಕಾರಣದ ನಿವೃತ್ತಿ. ಆರು ವರ್ಷ ಗಂಟಲನ್ನು ಪಾತಾಳಕ್ಕೆ ಇಳಿಸಿ ಮಾತಾಡಿದ್ದಕ್ಕೆ ಧ್ವನಿತಂತುಗಳ ಮೇಲೆ ಜಡ್ಡು ಕಟ್ಟಿದೆ. ಆನ್ ಆರ್ಬರಿನ ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, "ವಾಟ್ ಡು ಯು ಡು ಫಾರ್ ಎ ಲಿವಿಂಗ್?" ಎಂದು ಕೇಳಿದರು. ಬಾಯಲ್ಲಿ ಕೊಳವೆ ಇದ್ದುದರಿಂದ ಸತ್ಯ ಹೇಳುವ ಸಂಕಟ ತಪ್ಪಿತು. ನನ್ನ ಜಾಗಕ್ಕೆ ಕಾಲೇಜು ಓದುವ ಇಬ್ಬರು ಬರುತ್ತಿದ್ದಾರೆ. ಈ ಕೆಲಸ ದೂರದಿಂದ ಕಾಣುವ ಹಾಗಿಲ್ಲ, ಹತ್ತಿರದಿಂದ ಇನ್ನೂ ವಿಚಿತ್ರ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಇನ್ನೊಂದು ಉದ್ಯೋಗ ಈಗಲೂ ಇದೆ. ಡೆಟ್ರಾಯ್ಟ್ ಪಕ್ಕದ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟುಗಳನ್ನು ಪರೀಕ್ಷಿಸುತ್ತೇನೆ. ಅಂದರೆ ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ಇಂಜಿನಿಯರಿಂಗ್ ಓದಿಸಿದ ಅಪ್ಪನಿಗೆ ಇದನ್ನು ವಿವರಿಸುವಷ್ಟರಲ್ಲಿ ಅವರೇ ಕೂತುಬಿಟ್ಟರು. ಮೈಸೂರಿನಿಂದ ಒಂಬತ್ತನೇ ವಯಸ್ಸಿನಲ್ಲಿ ಬಂದವನು ನಾನು. ಕನ್ನಡ ಮರೆಯದೆ ಉಳಿದದ್ದು ಅಭಿಮಾನದಿಂದಲ್ಲ, ಅಣಕದಿಂದ. ಮನೆಗೆ ಬರುತ್ತಿದ್ದ ಅಂಕಲ್‌ಗಳ, ಆಂಟಿಗಳ ಮಾತನ್ನು ಅವರು ಚಪ್ಪಲಿ ಮೆಟ್ಟಿಕೊಳ್ಳುವ ಮೊದಲೇ ಅಣಕಿಸುತ್ತಿದ್ದೆ. ಹೀಗಾಗಿ ಹೈಸ್ಕೂಲಿನಲ್ಲಿ ನನ್ನ ಕನ್ನಡ ಕೇಳಿದವರಿಗೆ ಪಿಂಚಣಿ ಪಡೆಯುವ ಹೆಡ್‌ಮಾಸ್ತರರೊಬ್ಬರು ಹದಿನಾಲ್ಕರ ಹುಡುಗನ ಮೈಯಲ್ಲಿ ಸಿಕ್ಕಿಕೊಂಡಂತೆ ಅನ್ನಿಸುತ್ತಿತ್ತಂತೆ.

ಒಂದು ಶನಿವಾರ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬಂತು: "ಸೈತಾನ ಬೇಕಾಗಿದ್ದಾನೆ. ಕನ್ನಡ ಸ್ಪಷ್ಟವಾಗಿರಬೇಕು. ಕಿರುಚುವವರು ಬರಕೂಡದು." ಅದರ ಕೆಳಗೆ ಯಾರೋ ಆಂಟಿ "ನಮ್ಮ ಮೈದುನನ ನಂಬರ್ ಕೊಡಲಾ?" ಎಂದು ಬರೆದಿದ್ದರು. ಮೈದುನ ಬರಲಿಲ್ಲ. ನಾನು ಹೋದೆ.

ಪ್ರಕಟಣೆ ಹಾಕಿದ್ದವರು ವಿಶಾಲಾಕ್ಷಿ ಮೇಡಂ. ಮೈಸೂರಿನವರು, ಆನ್ ಆರ್ಬರಿನಲ್ಲಿ ನಲವತ್ತು ವರ್ಷ ಫ್ರೆಂಚ್ ಕಾವ್ಯ ಪಾಠ ಮಾಡಿದವರು. ಅವರ ಜೀವಮಾನದ ವಿಷಯ ಒಂದೇ: ಫ್ರೆಂಚ್ ಕಾವ್ಯದಲ್ಲಿ ಸೈತಾನ. ಆ ಕವಿತೆಗಳನ್ನು ಮೂವತ್ತು ವರ್ಷ ಕೂತು ಕನ್ನಡಕ್ಕೆ ತಂದಿದ್ದರು. ಓದಿ ಕೇಳಿಸಬೇಕು ಅನ್ನುವಷ್ಟರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ನಾನು ನೋಡುವ ಹೊತ್ತಿಗೆ ಅವರ ಮಾತು ಗ್ಯಾಸ್ಕೆಟ್ ಸಡಿಲಾದ ಕುಕ್ಕರಿನಿಂದ ಹಬೆ ಸೋರಿದಷ್ಟೇ. ಪಿಸುಮಾತು. ಆದರೆ ಆ ಪಿಸುಮಾತಿಗೆ ಎದುರಿಗಿದ್ದವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮೊದಲ ದಿನ ಅಡುಗೆಮನೆಯ ಮೇಜಿನ ಮುಂದೆ ನಿಲ್ಲಿಸಿ ಅವರು ಹೇಳಿದ್ದು ಇಷ್ಟು: "'ಬನ್ನಿ, ಕೂತ್ಕೊಳ್ಳಿ' ಅನ್ನು. ಕೇಳಿದವರಿಗೆ ಕೂರೋಕೆ ಭಯ ಆಗ್ಬೇಕು."

ನಾನು ಎದೆಯುಬ್ಬಿಸಿ ಗರ್ಜಿಸಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

"ಇದು ಡೈನೋಸಾರ್," ಅಂದರು ಮೇಡಂ. "ನಾಯಿಗೆ ಭಯ ಆಯ್ತು, ನನಗಾಗ್ಲಿಲ್ಲ."

ಕಾಫಿ ಸೋಸುತ್ತಲೇ ಪಾಠ ಶುರು ಮಾಡಿದರು. ಹಳೆಯ ಕಾಲದ ಫ್ರೆಂಚ್ ಸೈತಾನ ಸಂತೆಯ ಕೋಡಂಗಿ. ಬಾಲ ಉಂಟು, ಹೊಟ್ಟೆಬಾಕತನ ಉಂಟು, ಪಾದ್ರಿಯ ಹೆಂಡದ ಪಾತ್ರೆಗೆ ಕೈ ಹಾಕಿ ಒದೆ ತಿನ್ನುವವನು. ಎಷ್ಟೋ ಕಾಲದ ಮೇಲೆ ಕವಿಗಳು ಅವನಿಗೆ ರೇಷ್ಮೆ ಹೊದಿಸಿ ರಾಜ್ಯ ಕಳೆದುಕೊಂಡ ರಾಜಕುಮಾರನನ್ನಾಗಿ ಮಾಡಿದರು. ಅವನ ದುಃಖಕ್ಕೆ ಓದುಗರು ಕಣ್ಣೀರು ಹಾಕಿದರು. ಆಮೇಲೆ ಊರು ಬೆಳೆದು ಬೀದಿ ದೀಪ ಬಂದಾಗ ಅವನಿಗೆ ರಾಜತನವೂ ಬೇಸರವಾಯಿತು. ಕೋಟು ಹಾಕಿಕೊಂಡ, ಬಾಡಿಗೆ ಮನೆಯ ಬಾಗಿಲು ತಟ್ಟಿದ, ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಯೋಗಕ್ಷೇಮ ವಿಚಾರಿಸಿದ.

"ಇವನೇ ಎಲ್ಲರಿಗಿಂತ ಭಯಂಕರ," ಅಂದರು. "ಯಾಕೆ ಹೇಳು?"

"ಕಾಫಿ ಕೇಳ್ತಾನೆ ಅಂತಲಾ ಮೇಡಂ?"

"ಪೆದ್ದ. ಅವನು ನಮ್ಮ ಮಾತನ್ನ ಕೇಳಿಸ್ಕೋತಾನೆ. ಬೇರೆ ಯಾರೂ ಕೇಳಿಸ್ಕೊಳ್ಳಲ್ಲ."

ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಳ್ಳಲಿಲ್ಲ. ಆದ್ದರಿಂದಲೇ ಮುಂದಿನದೆಲ್ಲ ನಡೆಯಿತು.

ನನ್ನ ಮೊದಲ ಸಾರ್ವಜನಿಕ ಪ್ರದರ್ಶನ ನೇಪರ್‌ವಿಲ್‌ನ ಒಂದು ಗ್ರಂಥಾಲಯದಲ್ಲಿ, ಭಾನುವಾರ ಬೆಳಿಗ್ಗೆ. ಮೇಡಂ ಬೇಡವೆಂದರೂ ಹ್ಯಾಲೋವೀನ್ ಅಂಗಡಿಯಿಂದ ಕೊಂಬು ತಂದಿದ್ದೆ. ಬ್ಯಾಟರಿ ಹಾಕಿದರೆ ಮಿನುಗುವ ಕೊಂಬು. ಕವಿತೆಯ ಮಧ್ಯೆ ಎಡಗೊಂಬಿನ ಬ್ಯಾಟರಿ ಮುಗಿದು, ಬಲಗೊಂಬು ಮಾತ್ರ ಮಿನುಗತೊಡಗಿತು. ಒಂದೇ ಇಂಡಿಕೇಟರ್ ಹಾಕಿಕೊಂಡು ಲೇನ್ ಬದಲಿಸದ ಕಾರಿನ ಹಾಗೆ ಇಪ್ಪತ್ತು ನಿಮಿಷ ನಿಂತೆ. ಮುಂದಿನ ಸಾಲಿನಿಂದ ಏಳು ವರ್ಷದ ಹುಡುಗನೊಬ್ಬ ಕೈಯೆತ್ತಿದ.

"ಮಿಸ್ಟರ್ ಡೆವಿಲ್, ಡು ಯು ಟೇಕ್ ಸೋಲ್ಸ್?"

"ತಗೋತೀನಿ ಮಗು," ಅಂದೆ, ಪಾತ್ರ ಬಿಡದೆ.

"ಯು ಕ್ಯಾನ್ ಹ್ಯಾವ್ ಮೈನ್. ಬಟ್ ಯು ಹ್ಯಾವ್ ಟು ಕ್ಯಾನ್ಸಲ್ ಮ್ಯಾಥ್ ಕ್ಲಾಸ್."

ಹಿಂದಿನಿಂದ ಅವನ ತಾಯಿಯ ಮಾತು ತೇಲಿ ಬಂತು: "ಚಿನ್ನೂ, ಸೋಲ್ ಕೊಟ್ರೂ ಕ್ಲಾಸಿಗೆ ಹೋಗ್ಲೇಬೇಕು. ಸುಮ್ನೆ ಕೂತ್ಕೋ."

ಆನ್ ಆರ್ಬರಿಗೆ ವಾಪಸು ಹೋಗುವಾಗ ಮೇಡಂ ಕಾರಿನಲ್ಲಿ ನಕ್ಕೂ ನಕ್ಕೂ ಕೆಮ್ಮಿದರು. "ಸೈತಾನನ್ನ ಸೋಲಿಸೋಕೆ ದೇವರು ಯಾಕೆ? ಆ ತಾಯಿ ಸಾಕು," ಅಂದರು. ಆಮೇಲೆ ಗ್ಯಾರಿ ಎಂಬ ಊರು ದಾಟುವ ಹೊತ್ತಿಗೆ ಕಿಟಕಿ ಇಳಿಸಿ, ಕೊಂಬು ಬಿಸಾಡಲು ಹೋಗಿ, ಹೆದ್ದಾರಿಯಲ್ಲಿ ಕಸ ಎಸೆಯುವುದು ಅಪರಾಧವೆಂದು ನೆನಪಾಗಿ, ಅದನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ಆ ಕೊಂಬು ನನಗೆ ಮತ್ತೆ ಸಿಗಲಿಲ್ಲ.

ಎರಡನೆಯ ತಪ್ಪು ಡೆಟ್ರಾಯ್ಟ್ ಹತ್ತಿರದ ಟ್ರಾಯ್‌ನ ಹಿರಿಯ ನಾಗರಿಕರ ಗುಂಪಿನಲ್ಲಿ. ಅವರಿಗೆ ಸೈತಾನನೆಂದರೆ ಯಾರೆಂದು ವಿವರಿಸಬೇಕಿತ್ತು. ನಮ್ಮಲ್ಲಿ ಅಂಥವನೊಬ್ಬ ಇಲ್ಲವಲ್ಲ. ರಾಕ್ಷಸನೆಂದರೆ ಗದೆ ಎಲ್ಲಿ ಅನ್ನುತ್ತಾರೆ. ಶನಿಯೆಂದರೆ ಎಳ್ಳೆಣ್ಣೆ ದೀಪ ಹಚ್ಚಲು ಎದ್ದುಬಿಡುತ್ತಾರೆ. ಯಮನೆಂದರೆ ಎಂಬತ್ತು ದಾಟಿದವರ ಮುಂದೆ ಸಭ್ಯತೆಯಲ್ಲ. ನಾನು ಜಾಣತನ ಮಾಡಿ, ದಾರಿ ತಪ್ಪಿಸುವವನು ಎಂಬ ಅರ್ಥ ಬರಲೆಂದು, ಕಾರಿನಲ್ಲಿ ದಾರಿ ಹೇಳುವ ಯಂತ್ರದ ಹೆಣ್ಣು ಧ್ವನಿಯಲ್ಲಿ ಕವಿತೆ ಓದಿದೆ. "ಅರ್ಧ ಮೈಲಿ ಮುಂದೆ, ಬಲಕ್ಕೆ ತಿರುಗಿ, ನಿಮ್ಮ ಆತ್ಮಸಾಕ್ಷಿಯನ್ನು ಬಿಟ್ಟುಬಿಡಿ" ಎಂಬ ಧಾಟಿಯಲ್ಲಿ. ಹಿರಿಯರಿಗೆ ಮಹಾ ಸಂತೋಷವಾಯಿತು. ಧಾರವಾಡದ ಅಜ್ಜಿಯೊಬ್ಬರು ನನ್ನ ಗಲ್ಲ ಹಿಡಿದು, "ಏನಪಾ, ನಿಮ್ಮ ಸೈತಾನ ಭಾಳ ಸಭ್ಯಸ್ಥ ಅದಾನ. ನಮ್ಮ ಅಳಿಯಗಿಂತ ಚಲೋ ಮಾತಾಡ್ತಾನ. ಉಂಡ ಹೋಗ್ಲಿ," ಅಂದರು. ಸೈತಾನ ಉಂಡ. ಮೊಸರಿನ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಸಿಕೊಂಡೂ ಹೋದ.

ಮೇಡಂಗೆ ಮಾತ್ರ ಸಮಾಧಾನವಿಲ್ಲ. "ಆ ಯಂತ್ರಕ್ಕೆ ದಾರಿ ಗೊತ್ತು. ಸೈತಾನನಿಗೆ ಗೊತ್ತಿಲ್ಲ. ನೀನು ಎಲ್ಲಿಗೆ ಹೊರಟಿದೀಯೋ ಅಲ್ಲಿಗೆ ಜೊತೆಗೆ ಬರ್ತಾನೆ ಅಷ್ಟೆ. ಅದೇ ತೊಂದರೆ."

ಹೀಗೆ ಎರಡು ವರ್ಷ. ಟೀವಿಯಲ್ಲಿ ರಾಶಿಭವಿಷ್ಯ ಹೇಳುವವನ ಧ್ವನಿ ತಂದೆ. "ಇವನಿಗೆ ಅವಸರ" ಅಂದರು. ವಿಮಾನದ ಪೈಲಟ್‌ನ ಧ್ವನಿ ತಂದೆ. "ಇವನಿಗೆ ನಿದ್ದೆ" ಅಂದರು. ನನ್ನ ಅಪ್ಪನ ಧ್ವನಿ ತಂದೆ. ಸ್ವಲ್ಪ ಹೊತ್ತು ಕೇಳಿ, "ಪಾಪ" ಅಂದರು. ಬೇಸತ್ತು, "ಹಾಗಾದ್ರೆ ನನ್ನ ಧ್ವನೀಲೇ ಓದ್ಲಾ?" ಎಂದೆ. "ನಿನ್ನ ಹತ್ರ ಇದೆಯಾ?" ಅಂದರು. ಈ ಪ್ರಶ್ನೆಗೆ ನಾನಿನ್ನೂ ಉತ್ತರ ಸಿದ್ಧಪಡಿಸುತ್ತಿದ್ದೇನೆ.

ಕೆಲಸದ ವಿಧಾನವೂ ಈ ನಡುವೆ ಬದಲಾಯಿತು. ಮೇಡಂ ಅವರ ನೆಲಮಾಳಿಗೆಯಲ್ಲಿ ಎರಡು ಶೂ ಡಬ್ಬಿಗಳ ತುಂಬ ಕ್ಯಾಸೆಟ್ಟುಗಳಿದ್ದವು. ಅನುವಾದ ಮಾಡುವಾಗ ಕಿವಿಗೆ ಹೇಗೆ ಕೇಳುತ್ತದೆಂದು ನೋಡಲು ಅವರೇ ಓದಿ ಮುದ್ರಿಸಿಕೊಂಡಿದ್ದ ಕರಡುಗಳು. ಟೇಪು ಹಾಳಾಗುವ ಮೊದಲು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಂತು. ಡಬ್ಬಿ ಕೊಡುವಾಗ ಮೇಡಂ, "ಶಬ್ದಗಳನ್ನ ಮಾತ್ರ ನೋಡು. ಓದಿದ್ದು ಹೇಗಿದೆ ಅಂತ ನೋಡ್ಬೇಡ," ಅಂದರು. ನೋಡಬೇಡ ಅಂದರೆ ನೋಡದಿರುವ ಜಾತಿಯವನಾಗಿದ್ದರೆ ನಾನು ಸೈತಾನನ ಕೆಲಸಕ್ಕೇಕೆ ಸೇರುತ್ತಿದ್ದೆ?

ಮೊದಲ ಕ್ಯಾಸೆಟ್ಟು ಹಾಕಿದವನು ಎರಡು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಸೀಟು ಪರೀಕ್ಷಕನ ಮಟ್ಟಿಗೆ ಅದು ದಾಖಲೆ. ಹೆಂಗಸಿನ ಧ್ವನಿಯೆಂದು ತಟ್ಟನೆ ಹೇಳಲಾಗದಷ್ಟು ಮಂದ್ರ. ಅವಸರವೆಂಬುದೇ ಇಲ್ಲ. ಒಂದು ಸಾಲು ಹೇಳಿ ಕಾಯುತ್ತದೆ. ನಾವು ಉತ್ತರ ಕೊಡುತ್ತೇವೆಂಬ ನಂಬಿಕೆಯಲ್ಲಿ ಕಾಯುತ್ತದೆ. ನಾವು ಸುಳ್ಳು ಉತ್ತರವನ್ನೇ ಕೊಡುತ್ತೇವೆಂದು ಗೊತ್ತಿದ್ದೂ ಕಾಯುತ್ತದೆ. "ಗಾಬರಿ ಏನೂ ಇಲ್ಲ" ಎಂದು ಅದು ಹೇಳಿದಾಗ ನನಗೆ ಜೀವಮಾನದಲ್ಲಿ ಮೊದಲ ಸಲ ಗಾಬರಿಯಾಯಿತು. ಎರಡು ವರ್ಷದಿಂದ ಅಮೆರಿಕವೆಲ್ಲ ಹುಡುಕಿದ ಸೈತಾನ ನೆಲಮಾಳಿಗೆಯ ಶೂ ಡಬ್ಬಿಯಲ್ಲಿ ಕೂತಿದ್ದ.

ಮೂರು ವಾರ ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಡ್ರೈವ್ ಮಾಡುತ್ತ ಅಭ್ಯಾಸ ಮಾಡಿದೆ. ಪಕ್ಕದ ಲೇನಿನವರು ನನ್ನನ್ನು ನೋಡಿ ವೇಗ ಕಡಿಮೆ ಮಾಡುತ್ತಿದ್ದರು. ನಾಲ್ಕನೆಯ ವಾರ ಅಡುಗೆಮನೆಯ ಮೇಜಿನ ಮುಂದೆ ನಿಂತು ಓದಿದೆ. ಮೇಡಂ ಬೀನ್ಸ್ ಹೆಚ್ಚುತ್ತಿದ್ದರು. ಚಾಕು ನಿಂತಿತು. ಓದಿ ಮುಗಿಸಿದರೂ ಚಾಕು ಚಲಿಸಲಿಲ್ಲ.

"ಯಾರದು ಈ ಧ್ವನಿ?"

"ಯಾರದೂ ಅಲ್ಲ ಮೇಡಂ. ಓ'ಹೇರ್ ಏರ್‌ಪೋರ್ಟಲ್ಲಿ ಒಬ್ರು ಪ್ಯಾಸೆಂಜರ್... ಫೋನಲ್ಲಿ ಮಾತಾಡ್ತಿದ್ರು. ಎತ್ಕೊಂಡೆ."

ಮೇಡಂ ನನ್ನನ್ನೊಮ್ಮೆ ನೋಡಿ, ಒಂದು ಬೀನ್ಸ್ ಕೈಗೆತ್ತಿಕೊಂಡು ಅದರ ನಾರು ಬಿಡಿಸಿದರು. "ಹೂಂ. ಒಳ್ಳೆ ಮನುಷ್ಯ ಇರ್ಬೇಕು. ಇರ್ಲಿ ಇದು," ಅಂದರು.

ಮಣ್ಣುಮುಕ್ಕನಾದ ನಾನು ಏನು ಚೆನ್ನಾಗಿ ಯಾಮಾರಿಸಿದೆ ಎಂದು ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತ ಮನೆಗೆ ಹೋದೆ.

ಆ ಮುಂದೆ ಒಮ್ಮೆ ಹೊಸ ತಂತ್ರಜ್ಞಾನವೂ ಬಂತು. ಸಂಘದ ತರುಣರೊಬ್ಬರು ಯಾವುದೋ ಕವಿತೆಯ ನನ್ನ ಧ್ವನಿಯನ್ನು ಕಂಪ್ಯೂಟರಿಗೆ ಉಣಿಸಿ, "ಇನ್ಮೇಲೆ ನೀನೇ ಬೇಡ ಕಣೋ ಚೇತನ್, ಇದೇ ಎಲ್ಲಾ ಓದುತ್ತೆ" ಎಂದು ತಂದು ಕೇಳಿಸಿದರು. ಅಣಕಿಸುವವನನ್ನು ಅಣಕಿಸುವ ಯಂತ್ರ. ಎಷ್ಟೋ ಅಂಕಲ್‌ಗಳಿಗೆ ನಾನು ಮಾಡಿದ್ದು ಏನೆಂದು ಆಗ ತಿಳಿಯಿತು. ಮೇಡಂ ಕೊನೆಯವರೆಗೂ ಕೇಳಿ, "ಚೆನ್ನಾಗಿದೆ. ಆದ್ರೆ ಇದಕ್ಕೆ ಕಾಯೋಕೆ ಬರಲ್ಲ" ಎಂದು ವಾಪಸು ಕಳಿಸಿದರು. ನನ್ನ ಉದ್ಯೋಗ ಉಳಿದದ್ದು ಸುಮ್ಮನಿರುವ ನನ್ನ ಸಾಮರ್ಥ್ಯದಿಂದ. ಇದನ್ನು ನನ್ನ ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ.

ಇನ್ನು ಇಟಾಸ್ಕಾ. ಶಿಕಾಗೋ ಮತ್ತು ಡೆಟ್ರಾಯ್ಟ್ ಕಡೆಯ ಕನ್ನಡ ಸಂಘಗಳು ಸೇರಿ ಎರಡು ಸಮಾವೇಶ ಮಾಡುವುದೆಂದು ತೀರ್ಮಾನವಾಗಿತ್ತು. ಮೊದಲನೆಯದು ಇಟಾಸ್ಕಾದ ಹೋಟೆಲ್ಲಿನಲ್ಲಿ; ಅಲ್ಲಿ ಮೇಡಂಗೆ ಮಾದರಿಗೆಂದು ಅರ್ಧ ಗಂಟೆ. ಜನ ಒಪ್ಪಿದರೆ, ಮೂರು ವಾರದ ನಂತರ ಟ್ರಾಯ್‌ನಲ್ಲಿ ಪೂರ್ತಿ ಎರಡು ಗಂಟೆ, ಮೂವತ್ತು ವರ್ಷದ ಅನುವಾದದ ಪುಸ್ತಕ ಬಿಡುಗಡೆ, ಎಲ್ಲ. ಎಪ್ಪತ್ತಾರು ವರ್ಷದ ಮೇಡಂ ಟ್ರಾಯ್‌ಗಾಗಿ ಸೀರೆ ಕೂಡ ಆರಿಸಿಟ್ಟಿದ್ದರು. ತೋರಿಸಿ, "ಸೈತಾನನ ಪಕ್ಕ ಕೂರೋಕೆ ಈ ನೀಲಿ ಸರಿ ಹೋಗುತ್ತಾ?" ಎಂದು ಕೇಳಿದ್ದರು. ಅವರು ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಟಾಸ್ಕಾದಲ್ಲಿ ನಾನು ಕೊಂಬಿಲ್ಲದೆ, ಕೋಟು ಹಾಕಿ, ಕುರ್ಚಿಯ ಮೇಲೆ ಕೂತು ಓದಿದೆ. ಬಾಡಿಗೆ ಮನೆಗೆ ಬಂದ ಸೈತಾನ ಮೊದಲು ಮನೆಯವರೆಲ್ಲ ಕ್ಷೇಮವೇ ಎಂದು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸುತ್ತಾನೆ. ಎರಡೇ ಮಾತು ಹೇಳಿ ಹೊರಡುತ್ತೇನೆ ಅನ್ನುತ್ತಾನೆ, ಹೊರಡುವುದಿಲ್ಲ. ಕೊನೆಗೆ ಆತಿಥೇಯ ನಡುಗತೊಡಗಿದಾಗ ಅವನ ಮಣಿಕಟ್ಟು ಹಿಡಿದು, "ಗಾಬರಿ ಏನೂ ಇಲ್ಲ" ಅನ್ನುತ್ತಾನೆ. ಅಷ್ಟರಲ್ಲಿ ನಿದ್ದೆ ಹೋಗಿದ್ದವರೂ ಎದ್ದು ಕೂತಿದ್ದರು. ಚಪ್ಪಾಳೆ ಜೋರಾಗಿತ್ತು. ಮೇಡಂ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ಸೋಮವಾರ ಮೊದಲ ದೂರು ಬಂತು. ಓಕ್ ಬ್ರೂಕ್‌ನ ಹೃದಯದ ಡಾಕ್ಟರು ರಘುನಾಥ್ ಅಂಕಲ್ ಅವರದು. ರೋಗಿಯ ಮಣಿಕಟ್ಟು ಹಿಡಿದು "ಗಾಬರಿ ಏನೂ ಇಲ್ಲ" ಅನ್ನುವುದು ಇಡೀ ಇಲಿನಾಯ್‌ಗೆ ಗೊತ್ತಿರುವ ತಮ್ಮ ಪದ್ಧತಿ, ತಮ್ಮನ್ನು ಸೈತಾನನೆಂದು ಲೇವಡಿ ಮಾಡಲಾಗಿದೆ ಎಂದು. ಮಂಗಳವಾರ ಸಂಘದ ಮಾಜಿ ಅಧ್ಯಕ್ಷ ಶ್ರೀಕಂಠಯ್ಯ ಅಂಕಲ್ ಬರೆದರು: "ಎರಡೇ ಮಾತು" ಎಂದು ಶುರು ಮಾಡುವ ಭಾಷಣಕಾರ ಈ ಪ್ರಾಂತ್ಯದಲ್ಲಿ ತಾವೊಬ್ಬರೇ. ಬುಧವಾರ ಹುಬ್ಬಳ್ಳಿಯ ಪಾಟೀಲ್ ಅಂಕಲ್ ಫೋನ್ ಮಾಡಿದರು: "ಮನೀ ಮಂದೀನ್ನ ಹೆಸರ ಹಿಡದ ಕೇಳಾಂವಾ ನಾನೊಬ್ಬನ ಇಲ್ಲಿ. ನಾ ಏನ ಸೈತಾನ ಏನ್ರೀ?"

ಮೂವರೂ ಜಂಟಿ ಸಮಿತಿಯ ಸದಸ್ಯರು. ಮೂವರೂ ಬೇರೆ ಬೇರೆಯಾಗಿ ಒಂದೇ ಷರತ್ತು ಹಾಕಿದರು: ಟ್ರಾಯ್‌ನಲ್ಲಿ ಸೈತಾನ ಮಾತಾಡಕೂಡದು. ಕವಿತೆಗಳನ್ನು ಬೇಕಾದರೆ ಯಾರಾದರೂ ಮಾಮೂಲಿಯಾಗಿ ಓದಲಿ. ಇಲ್ಲವಾದರೆ ಕಾರ್ಯಕ್ರಮವೇ ರದ್ದು. ಸೈತಾನ ಮಾತಾಡದಿದ್ದರೆ ಪುಸ್ತಕವನ್ನೂ ತರುವುದಿಲ್ಲವೆಂದು ಮೇಡಂ ಒಂದೇ ಸಾಲಿನ ಉತ್ತರ ಕಳಿಸಿದರು. ಕಾರ್ಯದರ್ಶಿ ಮಂಜುಳಾ ಆಂಟಿ ತಲೆ ಚಚ್ಚಿಕೊಂಡು, ಶನಿವಾರ ಮಧ್ಯಾಹ್ನ ರಘುನಾಥ್ ಅಂಕಲ್ ಮನೆಯಲ್ಲಿ ವಿಚಾರಣೆ ಇಟ್ಟರು.

ಆನ್ ಆರ್ಬರಿನಿಂದ ಓಕ್ ಬ್ರೂಕ್‌ಗೆ ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ಮೇಡಂ ಕಡಲೇಕಾಯಿ ತಿಂದರು, ನಾನು ನನ್ನ ಉಗುರು ತಿಂದೆ. ಸತ್ಯ ಹೇಳಿದರೆ ಮೂವರು ಅಂಕಲ್‌ಗಳು ತಣ್ಣಗಾಗುತ್ತಾರೆ, ಟ್ರಾಯ್ ಉಳಿಯುತ್ತದೆ. ಆದರೆ ಕಳೆದುಹೋದ ಅವರ ಧ್ವನಿಯನ್ನು ಕದ್ದು, ಅದಕ್ಕೆ ಸೈತಾನನೆಂದು ಹೆಸರಿಟ್ಟು, ಊರೂರು ಮೆರೆಸಿದೆನೆಂದು ಅವರ ಮುಖ ನೋಡಿ ಹೇಳುವುದು ಹೇಗೆ? ಕಲಮಜೂ ಊರಿನ ಹತ್ತಿರ ಬಾಯಿ ತೆರೆದೆ. "ಮೇಡಂ, ಆ ಧ್ವನಿ..." ಅಂದೆ. "ಎಕ್ಸಿಟ್ ಬಿಡ್ತಿದೀಯ, ಬಾತ್‌ರೂಮಿಗೆ ನಿಲ್ಸು," ಅಂದರು. ಆಮೇಲೆ ನನ್ನ ಧೈರ್ಯ ಮುಂದಿನ ಯಾವ ಎಕ್ಸಿಟ್‌ನಲ್ಲೂ ಸಿಗಲಿಲ್ಲ.

ರಘುನಾಥ್ ಅಂಕಲ್ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಸೋಫಾದ ಮೇಲೆ ಮೂವರೂ ಒಬ್ಬರಿಗೊಬ್ಬರು ತಾಗದಂತೆ ಕೂತಿದ್ದರು. ಕೋಡುಬಳೆ, ಕಾಫಿ ಬಂತು. ಮಂಜುಳಾ ಆಂಟಿ ಕಾಗದ ಬಿಡಿಸಿ ಮೂರು ದೂರುಗಳನ್ನೂ ಓದಿದರು. ಮೂವರಿಗೂ ಬೇರೆ ಇಬ್ಬರು ದೂರು ಕೊಟ್ಟದ್ದು ಆಗಲೇ ಗೊತ್ತಾದದ್ದು.

"ಇದೇನ್ ಶ್ರೀಕಂಠಯ್ಯ?" ಅಂದರು ಡಾಕ್ಟರು. "ನಿಮ್ಮನ್ನ ಯಾಕ್ರೀ ಅಣಕಿಸ್ತಾನೆ? ಅದು ಸ್ಪಷ್ಟವಾಗಿ ನನ್ನ ಧ್ವನಿ."

"ಕ್ಷಮಿಸಿ ಡಾಕ್ಟ್ರೇ, ನಾನು ಎರಡೇ ಮಾತು ಹೇಳ್ತೀನಿ. ಆ ಗಾಂಭೀರ್ಯ ನಿಮಗಿಲ್ಲ. ನಿಮ್ಮದು ಸ್ವಲ್ಪ ಮೂಗಿನ ಧ್ವನಿ."

"ಮೂಗಿಂದಾ?"

"ಇಬ್ರೂ ಸುಮ್ನಿರ್ರೀ," ಅಂದರು ಪಾಟೀಲ್ ಅಂಕಲ್. "ಆ ದನಿಯಾಗ ಒಂದು ಪ್ರೀತಿ ಇತ್ತು ನೋಡ್ರಿ, ಅದು ಹುಬ್ಬಳ್ಳಿ ಕಡೇದು. ಮೈಸೂರಾಗ ಎಲ್ಲಿ ಸಿಗ್ತದ ಅದು?"

ಐದು ನಿಮಿಷದಲ್ಲಿ ವಿಚಾರಣೆ ತಲೆಕೆಳಗಾಯಿತು. ಸೈತಾನನೆಂದು ಕರೆದದ್ದಕ್ಕೆ ಬೇಸರಪಟ್ಟು ಬಂದವರು ಸೈತಾನ ತಾನೇ ಎಂದು ಸಾಧಿಸತೊಡಗಿದರು. ಡಾಕ್ಟರು ಮಂಜುಳಾ ಆಂಟಿಯ ಮಣಿಕಟ್ಟು ಹಿಡಿದು "ಗಾಬರಿ ಏನೂ ಇಲ್ಲ" ಎಂದು ಮಾಡಿ ತೋರಿಸಿದರು. ಶ್ರೀಕಂಠಯ್ಯನವರು ಎದ್ದು ನಿಂತು "ಎರಡೇ ಮಾತು" ಎಂದು ಶುರು ಮಾಡಿ ಕನ್ನಡ ಸಂಘದ ಇತಿಹಾಸಕ್ಕೆ ಇಳಿದರು. ಪಾಟೀಲ್ ಅಂಕಲ್ ಗೋಡೆಯ ಮೇಲಿದ್ದ ಫೋಟೋದ ಪ್ರತಿಯೊಬ್ಬರ ಹೆಸರು ಹಿಡಿದು ಕ್ಷೇಮ ಕೇಳಿದರು; ಅವರಲ್ಲಿ ಇಬ್ಬರು ತೀರಿಕೊಂಡಿದ್ದರು.

"ಗುರುತು ಹಿಡಿಯೋಕೆ ಇವನೇ ಮತ್ತೆ ಓದ್ಲಿ," ಅಂದರು ಡಾಕ್ಟರು. ಒಂದೇ ಸಾಲು ಓದಿದೆ. ಮೂವರ ಮುಖವೂ ಏಕಕಾಲಕ್ಕೆ ಅರಳಿತು. ಮೆಟ್ಟಿಲ ಮೇಲೆ ಕೂತು ಇದೆಲ್ಲ ನೋಡುತ್ತಿದ್ದ ಡಾಕ್ಟರ ಮಗಳು ಅನಘಾ ಮಾತ್ರ ಕಿಸಕ್ಕನೆ ನಕ್ಕಳು: "ಡ್ಯಾಡ್, ಯು ವಿಶ್."

ಡಾಕ್ಟರಿಗೆ ರೇಗಿತು. "ಸಾಕು. ಯಾರದೇ ಆಗ್ಲಿ, ಗಣ್ಯರ ಧ್ವನಿ ಅಂತೂ ಹೌದು. ಟ್ರಾಯ್ ಪ್ರೋಗ್ರಾಂ ಕ್ಯಾನ್ಸಲ್. ಮಂಜುಳಾ, ಬರ್ಕೊಳ್ಳಿ."

ಮಂಜುಳಾ ಆಂಟಿ ಪೆನ್ನಿನ ಮುಚ್ಚಳ ತೆಗೆದರು. ನನಗೆ ನೀಲಿ ಸೀರೆ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಕೋಡುಬಳೆ ತಟ್ಟೆಗೆ ಹಾಕಿ ಎದ್ದೆ.

"ಅಂಕಲ್, ಅದು ನಿಮ್ಮ ಮೂವರದೂ ಅಲ್ಲ. ನಾನು ಕದ್ದಿದ್ದು. ಓ'ಹೇರ್‌ದೂ ಅಲ್ಲ. ಕ್ಯಾಸೆಟ್ಟಿಂದ... ಅದು..."

ಊರಿನ ಎಲ್ಲರ ಧ್ವನಿಯೂ ಬರುವ ಬಾಯಿಂದ ಒಂದು ಹೆಸರು ಬರಲಿಲ್ಲ. ಮೇಡಂ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟರು. ಅವರ ಪಿಸುಮಾತು ಕೇಳಿಸಬೇಕಾದರೆ ಎಲ್ಲರೂ ಸುಮ್ಮನಾಗಬೇಕು, ಎಲ್ಲರೂ ಸುಮ್ಮನಾದರು. ಮೂವರು ಅಂಕಲ್‌ಗಳೂ ಸೋಫಾದ ಅಂಚಿಗೆ ಬಂದು ಮುಂದಕ್ಕೆ ಬಾಗಿದರು. ಮೇಡಂ ಅವಸರ ಮಾಡಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಬೀನ್ಸಿನ ನಾರು ಬಿಡಿಸಿದ ದಿನ ನೋಡಿದ್ದ ಹಾಗೆಯೇ. ಆಮೇಲೆ ಅವರ ಕಡೆ ತಿರುಗಿದರು.

"ಆ ಧ್ವನಿ ನಂದು ಕಣ್ರೀ. ಅಡುಗೆಮನೇಲಿ ಇವನು ಮೊದಲ ಸಾಲು ಓದಿದಾಗ್ಲೇ ಗೊತ್ತಾಯ್ತು. ಸೈತಾನನ ಪೋಸ್ಟ್‌ನಲ್ಲಿ ಮೂವತ್ತು ವರ್ಷದಿಂದ ನಾನೇ ಇದೀನಿ. ಖಾಲಿ ಆದಾಗ ಹೇಳಿ ಕಳಿಸ್ತೀನಿ, ಮೂರೂ ಜನ ಅಪ್ಲೈ ಮಾಡಿ."